ನೀಲಾಬಾಯಿಯ ಫ್ಲಾಪಿಯೊಳಗಿನ ದಡಿ

ಫ್ಲಾಪಿಯೊಳಗೆ ಸೀರೆಯಂಚಿನ ಆ ದಡಿ ಇದೆಯೋ, ಇಲ್ಲವೋ? ಕೂಸಿಗೆ ಗಂಜಿ ತಿನ್ನಿಸುವಾಗಲೂ ನೀಲಾಬಾಯಿಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು.

ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದಿ, ಎಂಬತ್ತಾರನೆಯ ಇಸವಿಯಲ್ಲಿ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದವಳು ಅವಳು. ಗ್ರಾನೈಟ್ ಕಂಪನಿಯೊಂದರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಮೊದಲು ಮುಟ್ಟುವ ಧೈರ್ಯ ಮಾಡಿದವಳೂ ಅವಳೇ.

ಮನೆಯಲ್ಲಿ ಚೌಕಳಿ ಹಾಳೆಗಳ ಕಟ್ಟೊಂದಿತ್ತು. ಸೀರೆಯ ದಡಿಗೆ ಎಷ್ಟನೆಯ ಎಳೆ ಎತ್ತಬೇಕು, ಎಷ್ಟನೆಯದು ಬಿಡಬೇಕು ಎಂದು ಮಾವ ಹೊಳಬಸಪ್ಪನ ಅಪ್ಪ ಚುಕ್ಕಿ ಇಟ್ಟು ಬರೆದದ್ದು. ಬೇರೆ ಯಾವ ಮಗ್ಗದಲ್ಲೂ ಆ ದಡಿ ಇರಲಿಲ್ಲ. ನೇಯ್ದ ಸೀರೆಗಳೆಲ್ಲ ಎಂದೋ ಮಾರಿಹೋಗಿದ್ದವು. ಹೊಳಬಸಪ್ಪನಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ.

"ಯವ್ವಾ, ಹಾಳಿ ಹರದು ಹೊಂಟಾವ. ನಿನ್ನ ಯಂತ್ರದಾಗ ಇಟ್ಟಬಿಡು," ಎಂದಿದ್ದ.

ಮೂರು ತಿಂಗಳು, ಊಟದ ಬಿಡುವಿನಲ್ಲಿ, ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ ಒಂದೊಂದೇ ಚುಕ್ಕಿ ಇಟ್ಟಳು. 'ದಡಿ' ಎಂದು ಹೆಸರು ಕೊಟ್ಟು ಫ್ಲಾಪಿಯಲ್ಲಿಟ್ಟಳು. ಹೆಸರಿನ ಬಾಲಕ್ಕೆ ಪಿಐಸಿ ಎಂಬ ಮೂರಕ್ಷರವನ್ನು ಕಂಪ್ಯೂಟರೇ ಅಂಟಿಸಿತು. ಹಾಳೆಗಳಿಗೋ ಇಲಿ ಹಿಕ್ಕೆಯ ವಾಸನೆ. ಕೂಸು ಒಂದು ದಿನ ಹಾಳೆಯೊಂದರ ತುದಿ ಬಾಯಿಗಿಟ್ಟಾಗ ಅವಳು ಕಸಿದುಕೊಂಡಳು. ಹೇಗೂ ಫ್ಲಾಪಿಯಲ್ಲಿದೆಯಲ್ಲ ಎಂದು ಇಡೀ ಕಟ್ಟನ್ನು ನೀರೊಲೆಗೆ ಹಾಕಿದಳು.

ಎಂಬತ್ತೊಂಬತ್ತರಲ್ಲಿ ಆಫೀಸು ಹೊಸ ಕಂಪ್ಯೂಟರ್ ತರಿಸಿತು. ಚಿತ್ರದ ಪ್ರೋಗ್ರಾಮು ಹಳೆಯದರೊಂದಿಗೇ ಹೋಯಿತು. ಹೊಸದರಲ್ಲಿದ್ದದ್ದು ಲೆಕ್ಕದ ಅಂಕಿಗಳಿಂದ ಗ್ರಾಫ್ ಎಳೆಯುವ ಪ್ರೋಗ್ರಾಮು. ಅದರ ಫೈಲುಗಳ ಬಾಲವೂ ಪಿಐಸಿ. ಫ್ಲಾಪಿ ಹಾಕಿದೊಡನೆ ಪಟ್ಟಿಯಲ್ಲಿ 'ದಡಿ' ಕಂಡಿತು. ಅವಳು ಹಿಗ್ಗಿ ತೆರೆದಳು. ಪರದೆ ಖಾಲಿ. ಏನಾದರೂ ಕೆಟ್ಟೀತೆಂಬ ಹೆದರಿಕೆಗೆ, ಅದೇ ಹೆಸರಿನಲ್ಲಿ ಸೇವ್ ಮಾಡಿ ಮುಚ್ಚಿದಳು.

ಮರುದಿನ ಕ್ಲರ್ಕ್ ಚಾಂದಸಾಬನನ್ನು ಕೇಳಿದಳು.

"ಅಲ್ರೀ ಬಾಯಾರ, ಪಾಟೀಲ ಅನ್ನೋರು ಹುನಗುಂದದಾಗೂ ಅದಾರ, ಬಾದಾಮ್ಯಾಗೂ ಅದಾರ," ಎಂದು ಅವನು ನಕ್ಕ. "ಅಡ್ಡಹೆಸರು ಒಂದ ಐತೆಂತ ಇವರ ಮನಿ ಕೀಲಿಗೆ ಅವರ ಮನಿ ತೆರಿತೈತೇನ್ರಿ? ನಿಮ್ಮ ಪಿಐಸಿ ಚಿತ್ರದ ಮನೀದು, ಇದು ಲೆಕ್ಕದ ಮನೀದು. ಒಳಗಿನ ಬರವಣಿಗಿನ ಬ್ಯಾರೆ."

"ಹಳೇ ಪ್ರೋಗ್ರಾಮಿನ್ಯಾಗ ತೆಗದ್ರ ಬರತೈತೇನ್ರಿ?"

"ಹುಬ್ಬಳ್ಳಿ ಇಬ್ರಾಹಿಂಸಾಬಗ ಫೋನ್ ಹಚ್ಚ್ರಿ. ಹಳೇ ಮಷಿನ್ ಒಯ್ದಾಂವ ಅಂವನ."

ಖಾಲಿ ಪರದೆಯನ್ನೇ ಸೇವ್ ಮಾಡಿದ್ದನ್ನು ಅವಳು ಹೇಳಲಿಲ್ಲ. ಫೋನೂ ಮಾಡಲಿಲ್ಲ. ಕೇಳದಿರುವಷ್ಟು ದಿನ ದಡಿ ಅಲ್ಲೇ ಇದ್ದಂತೆ.

ಒಂಬತ್ತನೆಯ ದಿನ ಹೊಳಬಸಪ್ಪ ಮಗ್ಗದ ಪಕ್ಕ ಕುಳಿತು ಕರೆದ. "ನಿನ್ನ ಗಂಡ ಸೋಮವಾರ ಮಗ್ಗಕ್ಕ ಹಾಸಿನ ಎಳಿ ಏರಸ್ತಾನಂತ. ದಡಿ ಎಳಿ ಲೆಕ್ಕ ಯಾವಾಗ ಕೊಡ್ತೀ? ಆ ಯಂತ್ರಕ್ಕೂ ನನ್ನಂಗ ಕಣ್ಣು ಹೋಗ್ಯಾವೇನು?"

"ತರ್ತೇನ್ರಿ ಮಾವಾರ," ಎಂದವಳೇ ಕೂಸನ್ನು ಕಂಕುಳಿಗೇರಿಸಿಕೊಂಡು ಅಂಚೆ ಕಚೇರಿಗೆ ನಡೆದಳು. ಟ್ರಂಕ್ ಕಾಲ್ ಸಿಗಲು ಒಂದೂವರೆ ತಾಸು ಹಿಡಿಯಿತು. ಇಬ್ರಾಹಿಂಸಾಬ ಸಮಾಧಾನದಿಂದ ಎಲ್ಲವನ್ನೂ ಕೇಳಿಸಿಕೊಂಡ.

"ಪ್ರೋಗ್ರಾಮ್ ನನ್ ಹತ್ರ ಐತ್ರಿ ತಂಗೀ. ಹೊಸಾದ್ರಾಗ ಬರೇ ತೆಗದು ನೋಡೀರೋ, ಇಲ್ಲಾ ಸೇವ್ ಮಾಡೀರೋ?"

ಕೂಸು ಫೋನಿನ ತಂತಿ ಜಗ್ಗುತ್ತಿತ್ತು.

"ಮಾಡೇನ್ರಿ. ಅದ ಹೆಸರಿಗೆ."

"ಇನ್ನೊಂದು ಕಾಪಿ?"

"ಇಲ್ರಿ."

"ಹಂಗಾರ ಹಳೇದರ ಮ್ಯಾಲ ಖಾಲಿದು ಕುಂತತ್ರಿ, ಒಳಗ ದಡಿ ಉಳದಿಲ್ಲ. ಫ್ಲಾಪಿ ಕಳಸಬ್ಯಾಡ್ರಿ, ಅಂಚೆ ಖರ್ಚು ದಂಡ... ಹಲೋ? ಕೇಳಸ್ತೇನ್ರಿ?"

ಅವಳಿಗೆ ಸ್ಪಷ್ಟವಾಗಿಯೇ ಕೇಳಿಸಿತ್ತು.