ಮಸಿ ಬೀಳದ ಬಡಾವಣೆ

ಅವನನ್ನು ನಾವೆಲ್ಲ ಬಾಯ್ಲರಣ್ಣ ಅಂತಲೇ ಕರೆಯುತ್ತಿದ್ದೆವು. ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವನದು. ಬಣ್ಣದ ತೊಟ್ಟಿಗೆ ಹಬೆ ಬೇಕು, ಹಬೆಗೆ ಕಲ್ಲಿದ್ದಲ ಬೆಂಕಿ ಬೇಕು, ಬೆಂಕಿಯ ಮುಂದೆ ನಿಂತು ಬೇಯುವುದಕ್ಕೆ ಇಂಥವನೊಬ್ಬ ಬೇಕು. ನಾವೆಲ್ಲ ಕೆಲಸ ಮಾಡುತ್ತಿದ್ದ ಹಳೆಯ ಗಿರಣಿಗೆ ಬೀಗ ಬೀಳುತ್ತದೆ ಅಂದಾಗ ಗೇಟಿನ ಮುಂದೆ ಟಾರ್ಪಾಲು ಕಟ್ಟಿ ಕೂತೆವು, ಕೂಗಿ ಗಂಟಲು ಹರಿದುಕೊಂಡೆವು, ಸೋತೆವು. ಸೋತ ಮೇಲೆ ಕಂಪನಿಯವರು ಒಂದು ಮಾತು ಎಸೆದರು. ಬೇರೆ ಊರಿನ ಹೊಸ ಗಿರಣಿಗೆ ಬರುವವರು ಬರಬಹುದು, ಉಳಿದವರು ಮನೆಗೆ ಹೋಗಬಹುದು. ಅವನು ಹೋದ. ಅದಕ್ಕೆ ಅವನನ್ನು ಬೈದವರಿದ್ದರು. ಬೈದವರ ಮನೆಯಲ್ಲಿ ಉಬ್ಬಸದ ಮಗು ಇರಲಿಲ್ಲ.

ಅವನ ಮನೆಯಲ್ಲಿ ಇತ್ತು. ಮಕ್ಕಳಿಬ್ಬರು. ದೊಡ್ಡವನು ಆ ವರ್ಷ ಒಂದನೇ ಕ್ಲಾಸಿಗೆ ಸೇರಬೇಕಾದವನು. ಚಿಕ್ಕವಳು ಇನ್ನೂ ಅಂಬೆಗಾಲು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಅವಳು ಉಸಿರೆಳೆದರೆ ಎಣ್ಣೆ ಕಾಣದ ಬಾಗಿಲು ತೆಗೆದ ಹಾಗೆ ಎದೆ ಕಿರುಗುಟ್ಟುತ್ತಿತ್ತು. "ಹೇಗೂ ಊರು ಬಿಡ್ತಿದ್ದೀರಿ. ಒಳ್ಳೆ ಗಾಳಿ ಇರೋ ಕಡೆ ಮನೆ ಮಾಡಿ. ನಾನು ಕೊಡೋ ಔಷಧಿಗಿಂತ ಅದು ಹೆಚ್ಚು ಕೆಲಸ ಮಾಡುತ್ತೆ" ಅಂತ ಹಳೆಯ ಊರಿನ ಡಾಕ್ಟರು ಹೇಳಿ ಕಳಿಸಿದ್ದರು. ಗಂಡಹೆಂಡತಿ ಆ ಒಂದು ಮಾತನ್ನು ಗಂಟು ಹಾಕಿಕೊಂಡು ಮನೆ ಹುಡುಕತೊಡಗಿದರು.

ಅವನು ಮೊದಲೇ ಹೋಗಿ ಗಿರಣಿಯ ಉದ್ದನೆಯ ಶೆಡ್ಡಿನಲ್ಲಿ ಇತರ ಗಂಡಸರ ಜೊತೆ ಮಲಗುತ್ತಿದ್ದ. ಹೆಂಡತಿ ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಅವನ ವಾರದ ರಜೆಯ ದಿನ ಬಸ್ಸು ಹತ್ತಿ ಬರುತ್ತಿದ್ದಳು. ಗಿರಣಿಗೆ ಬುಧವಾರ ರಜೆ. ಆ ದಿನ ಬೆಂಕಿ ಆರುತ್ತದೆ, ಬಾಯ್ಲರ್ ತಣ್ಣಗಾಗುತ್ತದೆ, ಅದರ ಜೊತೆಗೆ ಇವನೂ ಮನುಷ್ಯನಾಗುತ್ತಾನೆ. ಬುಧವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿಕೊಂಡು, ಬ್ರೋಕರನ ಸ್ಕೂಟರಿನ ಹಿಂದೆ ಆಟೊದಲ್ಲಿ ಸುತ್ತುವುದು, ಸಾಯಂಕಾಲ ಮತ್ತೆ ಬಸ್ ಹತ್ತಿಸುವುದು.

ಅವರ ಕೈಗೆಟುಕುವ ಬಡಾವಣೆಗಳು ಮೂರೇ. ಸ್ಟೇಷನ್ ಹಿಂದಿನದರಲ್ಲಿ ಮನೆಗಳು ಒಂದರ ಬೆನ್ನಿಗೊಂದು ಒರಗಿಕೊಂಡು ನಿಂತಿದ್ದವು. ಮಾರ್ಕೆಟ್ ಪಕ್ಕದ್ದರಲ್ಲಿ ಸ್ಕೂಲು ಎದುರಿಗೇ ಇತ್ತು, ಆಸ್ಪತ್ರೆ ಎರಡು ರಸ್ತೆ ಆಚೆ. ಆದರೆ ಲಾರಿಗಳು ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತಿದ್ದವು. ಮೂರನೆಯದು ಗುಡ್ಡದಾಚೆ. ಗಿರಣಿಯಿಂದ ಬಸ್ಸಿನಲ್ಲಿ ಸುತ್ತಿ ಬಳಸಿ ಹೋಗುವುದರೊಳಗೆ ಒಂದು ನಿದ್ದೆ ಮುಗಿಯುತ್ತಿತ್ತು. ರಸ್ತೆಯ ಎರಡೂ ಕಡೆ ಮರ, ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಬಟ್ಟೆ ಒಣಗಿಸಲು ಅಗಲವಾದ ತಾರಸಿ. ಅವನು ತಾರಸಿಯ ಮೇಲೆ ನಿಂತು ಮೂಗಿನ ತುಂಬ ಉಸಿರೆಳೆದ.

"ಇದೇ ಆಗ್ಲಿ" ಅಂದ.

"ಸ್ಕೂಲಿಗೆ ದಿನಾ ಯಾರು ಕರ್ಕೊಂಡು ಹೋಗ್ತಾರೆ? ಮಾರ್ಕೆಟ್ ಪಕ್ಕದ್ದೇ ವಾಸಿ ರೀ."

"ಸ್ಕೂಲು ದೂರ ಆದ್ರೆ ನಡ್ಕೊಂಡು ಹೋಗ್ಬಹುದು. ಉಸಿರು ದೂರ ಆದ್ರೆ ಏನ್ ಮಾಡ್ತೀಯ?"

ಗಾಳಿಯ ವಿಷಯದಲ್ಲಿ ಅವನೇ ದೊಡ್ಡವನು ಅಂತ ಒಪ್ಪಿಕೊಂಡಳು. ಮುಂದಿನ ಬುಧವಾರ ಇನ್ನೊಮ್ಮೆ ಬಂದು ನೋಡಿ, ಕೆಳಗಿನ ಮನೆಯಲ್ಲಿದ್ದ ಓನರಮ್ಮನನ್ನು ನೀರು ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ, ಮಾತು ಮುಗಿಸಿದರು.

ಇಲ್ಲಿ ಬಾಯ್ಲರಿನ ಒಂದು ಪದ್ಧತಿ ಹೇಳಬೇಕು. ಕಲ್ಲಿದ್ದಲು ಉರಿದರೆ ಒಳಗಿನ ಕೊಳವೆಗಳಿಗೆ ಮಸಿ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡರೆ ಬೆಂಕಿಯ ಕಾವು ನೀರಿಗೆ ತಾಗದೆ ಹಬೆ ಇಳಿಯುತ್ತದೆ. ಅದಕ್ಕೆ ದಿನಕ್ಕೊಮ್ಮೆ ಒಂದು ವಾಲ್ವ್ ತಿರುಗಿಸಿ ಹಬೆಯನ್ನೇ ಕೊಳವೆಗಳ ಮೇಲೆ ರಭಸವಾಗಿ ಬಿಡುತ್ತಾರೆ. ಮಸಿಯೆಲ್ಲ ಎದ್ದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಕೆಲಸದವರ ಬಾಯಲ್ಲಿ ಇದಕ್ಕೆ ಊದೋದು ಅಂತಷ್ಟೇ ಹೆಸರು. ಯಾವಾಗ ಊದಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಸಾಹೇಬರ ಬಿಳಿ ಕಾರುಗಳು ಬಂದು ನಿಲ್ಲುವುದಕ್ಕೆ ಮುಂಚೆ ಊದಿ ಮುಗಿಸಬೇಕು, ಅಷ್ಟೇ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಊದುವುದು ರೂಢಿ. ಹಳೆಯ ಗಿರಣಿಯ ಸುತ್ತ ಬರೀ ಹೊಳೆ, ಕುರುಚಲು. ಮಸಿ ಎಲ್ಲಿ ಬೀಳುತ್ತದೆ ಅಂತ ಇವನು ಕೇಳಿಕೊಂಡಿರಲೇ ಇಲ್ಲ. ಕಾರಿನ ಮೇಲೆ ಬೀಳಬಾರದು, ಉಳಿದದ್ದೆಲ್ಲ ಗಾಳಿಯ ಪಾಡು.

ಬೆಳಗಿನ ಪಾಳಿ ಅವನದು. ಮಕ್ಕಳು ಮಲಗಿದ್ದಾಗ ಮನೆ ಬಿಟ್ಟರೆ ವಾಪಸ್ಸು ಮಧ್ಯಾಹ್ನ. ಹೊಸ ಮನೆಗೆ ಬಂದ ಮೇಲೆ ಚಿಕ್ಕವಳ ಕೆಮ್ಮು ಇಳಿಯುವುದಿರಲಿ, ಏರಿತು. ನೀರು ಬದಲಾಗಿದೆ, ಒಗ್ಗಬೇಕು ಅಂದುಕೊಂಡರು.

"ಬೆಳಗ್ಗೆ ಎದ್ರೆ ಕಿಟಕಿ ಮೇಲೆಲ್ಲ ಕರಿ ಕರಿ ಕೂತಿರುತ್ತೆ ರೀ" ಅಂತ ಹೆಂಡತಿ ಒಂದೆರಡು ಸಲ ಹೇಳಿದಳು.

"ಯಾರೋ ಟೈರ್ ಸುಡ್ತಿರ್ಬೇಕು."

"ದಿನಾನೂ?"

"ಟೈರಿಗೇನು ಕಮ್ಮಿಯಾ ಈ ಊರಲ್ಲಿ?"

ಅವನು ಬರುವ ಹೊತ್ತಿಗೆ ಅವಳು ಒರೆಸಿ ಮುಗಿಸಿರುತ್ತಿದ್ದಳು. ಅವನು ಮನೆಯಲ್ಲಿರುವ ಬುಧವಾರ ಒರೆಸಲು ಏನೂ ಇರುತ್ತಿರಲಿಲ್ಲ. ಅವನ ಕಣ್ಣಿಗೆ ಆ ಮನೆ ಯಾವಾಗಲೂ ಸ್ವಚ್ಛ.

ಒಂದು ಸೋಮವಾರ ಅವನಿಗೆ ಜ್ವರ ಬಂತು. ಬೇರೆ ಪಾಳಿಯವನು ಅವನ ಜಾಗದಲ್ಲಿ ನಿಂತ. ಬೆಳಕು ಹರಿಯುವಾಗ ಇವನು ಕಂಬಳಿ ಹೊದ್ದು ತಾರಸಿಗೆ ಬಂದ. ತಂತಿಯ ಮೇಲೆ ಚಿಕ್ಕವಳ ಹೊದಿಕೆ ಒಣಗಲು ಹಾಕಿತ್ತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು ಬಂದು ಕೂರುತ್ತಿದ್ದವು, ಒಂದು ಚೂರೂ ಸದ್ದಿಲ್ಲದೆ. ಒಂದನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆಟ್ಟಿನಿಂದ ಉಜ್ಜಿದ. ಟೈರಿನ ಮಸಿ ಎಣ್ಣೆಯ ಹಾಗೆ ಜಾರುತ್ತದೆ. ಇದು ಹಿಟ್ಟಿನ ಹಾಗೆ ಪುಡಿಯಾಯಿತು. ಅವನ ಉಗುರಿನ ಸಂದಿಯಲ್ಲಿ ವರ್ಷಗಳಿಂದ ಇದ್ದ ಪುಡಿಯೇ ಅದು. ಗುಡ್ಡದ ಕಡೆ ನೋಡಿದ. ಬಸ್ಸು ಸುತ್ತಿಕೊಂಡು ಬರುವ ದಾರಿಯನ್ನು ಗಾಳಿ ನೇರವಾಗಿ ದಾಟಿ ಬರುತ್ತಿತ್ತು.

ಅವಳು ಪೊರಕೆ ಹಿಡಿದು ಮೇಲೆ ಬಂದಳು. "ಜ್ವರ ಇಟ್ಕೊಂಡು ಇಲ್ಲೇನ್ ಮಾಡ್ತಿದ್ದೀರಿ?"

"ಇದು ನಮ್ಮದು."

"ಯಾವುದು?"

"ಈ ಮಸಿ. ನಮ್ಮ ಬಾಯ್ಲರಿಂದು. ದಿನಾ ನಾನೇ ಊದೋದು."

ಅವಳು ಅವನ ಬೆರಳು ನೋಡಿದಳು, ಹೊದಿಕೆ ನೋಡಿದಳು. ಅಳಲಿಲ್ಲ, ಬೈಯಲೂ ಇಲ್ಲ. ಹೊದಿಕೆಯನ್ನು ಕೊಡವಿ ಮಡಚಿ, "ಒಳಗೆ ಬನ್ನಿ, ಗಂಜಿ ಆರುತ್ತೆ" ಅಂದಳು.

ಆಮೇಲೆ ಕೆಳಗೆ ಹೋಗಿ ಓನರಮ್ಮನನ್ನು ಕೇಳಿದಳು. ಮೇಷ್ಟ್ರಾಗಿದ್ದ ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದ ಹೆಂಗಸು. ಮಾತಿಗೆ ಮುಲಾಜಿಲ್ಲ.

"ಈ ಮಸಿ ಬೀಳೋದು ನಿಮಗೆ ಗೊತ್ತಿತ್ತಲ್ವಾ ಅಮ್ಮಾ?"

"ಗೊತ್ತಿಲ್ದೆ ಏನು? ನಿಮ್ಮ ಯಜಮಾನ್ರು ಅದೇ ಗಿರಣಿಯವರು ಅಂದ್ರಿ. ಗೊತ್ತಿದ್ದೇ ಬಂದಿದ್ದಾರೆ ಅಂದ್ಕೊಂಡೆ. ನೀವು ಕೇಳಿದ್ದು ನೀರಿನ ವಿಷಯ. ನೀರು ಬರ್ತಿದೆ ತಾನೆ?"

ನೀರು ಬರುತ್ತಿತ್ತು.

ಜ್ವರ ಬಿಟ್ಟ ಮೇಲೆ ಅವನು ಇಂಜಿನಿಯರ್ ಹತ್ತಿರ ಹೋಗಿ ನಿಂತ. ಚಿಮಣಿಯ ಬುಡದಲ್ಲಿ ಮಸಿ ಹಿಡಿಯುವ ಯಂತ್ರವೊಂದಿತ್ತು, ಅದರ ಬೆಲ್ಟು ಕಳಚಿ ಮೂಲೆಗೆ ಬಿದ್ದಿತ್ತು. "ಅದು ಕರೆಂಟ್ ತಿನ್ನುತ್ತಪ್ಪ. ಇನ್ಸ್‌ಪೆಕ್ಷನ್ ದಿನ ಹಾಕ್ತೀವಲ್ಲ" ಅಂದ ಇಂಜಿನಿಯರ್. ಹಳೆಯ ಗಿರಣಿಯಲ್ಲಾಗಿದ್ದರೆ ಇವನು ಆ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಬರುತ್ತಿದ್ದ, ನಾವು ನೂರು ಜನ ಹಿಂದೆ ನಿಲ್ಲುತ್ತಿದ್ದೆವು. ಇಲ್ಲಿ ಹಿಂದೆ ತಿರುಗಿ ನೋಡಿದರೆ ಗೋಡೆ. ಸಂಘ ಇಲ್ಲ. ಸಂಘ ಅಂದವನಿಗೆ ಮರುದಿನ ಗೇಟಿನಲ್ಲಿ ಕಾರ್ಡು ಒತ್ತಲು ಬಿಡುವುದಿಲ್ಲ. "ಸರಿ ಸಾರ್" ಅಂದು ಬಂದ. ಇದನ್ನು ಹೇಡಿತನ ಅನ್ನುವವರು ಅನ್ನಲಿ. ಉಸಿರಿಗೆ ಒದ್ದಾಡುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಮೇಲೆ ಅನ್ನಲಿ.

ಇನ್ನೊಂದು ಮನೆ ನೋಡುವ ಕೆಲಸವನ್ನು ಈ ಸಲ ಹೆಂಡತಿ ಕೈಗೆ ತೆಗೆದುಕೊಂಡಳು. "ನಿಮ್ಮ ರಜೆ ದಿನ ಬೇಡ. ನೀವು ಕೆಲಸದಲ್ಲಿರೋ ದಿನ ನೋಡ್ತೀನಿ" ಅಂದಳು. ಮಕ್ಕಳನ್ನು ಓನರಮ್ಮನ ಮನೆಯಲ್ಲಿ ಮಲಗಿಸಿ ಮೊದಲ ಬಸ್ಸು ಹಿಡಿದು ಸ್ಟೇಷನ್ ಹಿಂದಿನ ಬಡಾವಣೆಗೆ ಹೋದಳು. ಖಾಲಿ ಮನೆಯ ತಾರಸಿಯ ಕಟ್ಟೆಯ ಮೇಲೆ ಬಿಳಿ ದಿಂಬಿನ ಕವರು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅವನಿಗೆ ಫೋನು ಮಾಡಿದಳು.

"ಹಾಸಿದ್ದೀನಿ. ಊದಿ."

ಗಿರಣಿಯಲ್ಲಿ ಅವನು ವಾಲ್ವ್ ತಿರುಗಿಸಿದ. ಪಕ್ಕದಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಮುದುಕ ನಕ್ಕ. "ಏನಪ್ಪಾ, ಹೆಂಡ್ತಿ ಹೇಳಿದ್ರೆ ಬಾಯ್ಲರ್ ಊದೋ ಕಾಲ ಬಂತಾ? ನನ್ ಹೆಂಡ್ತಿ ಹೇಳಿದ್ರೆ ನಾನು ಒಲೆ ಕೂಡ ಊದಿಲ್ಲ."

"ಅದಕ್ಕೇ ನಿನಗೆ ಊಟ ತಣ್ಣಗೆ ಸಿಗೋದು" ಅಂದ ಇವನು, ನಗದೆ.

ಸ್ಟೇಷನ್ ಹಿಂದೆ ಸ್ವಲ್ಪ ಹೊತ್ತಿಗೆ ಕವರಿನ ಮೇಲೆ ಚುಕ್ಕೆ ಬಿದ್ದವು. ಗುಡ್ಡದಾಚೆಯಷ್ಟಲ್ಲ, ಆದರೂ ಬಿದ್ದವು. ಅವಳು ಕವರು ಮಡಚಿಕೊಂಡು ಮನೆಗೆ ಬಂದು, ಒಗೆದು, ಮತ್ತೊಂದು ದಿನ ಮಾರ್ಕೆಟ್ ಪಕ್ಕದ ಬಡಾವಣೆಗೆ ಹೋದಳು. ಅಲ್ಲಿ ಅದೇ ಲಾರಿ, ಅದೇ ಹಾರ್ನು. ಅವನು ಊದಿದ. ಅವಳು ಕಾದಳು. ಅವನೇ ತಡೆಯಲಾರದೆ ಫೋನು ಮಾಡಿದ.

"ಬಿತ್ತಾ?"

"ಧೂಳಿದೆ. ಕರಿ ಇಲ್ಲ."

"ಧೂಳು ಯಾವ ಬಣ್ಣ?"

"ಧೂಳಿನ ಬಣ್ಣ ರೀ. ಇನ್ಯಾವ ಬಣ್ಣ ಇರುತ್ತೆ?"

"ಉಜ್ಜಿ ನೋಡು."

"ಉಜ್ಜಿದೆ. ಮಣ್ಣು."

"ಇನ್ನೂ ಸ್ವಲ್ಪ ಹೊತ್ತು ಕಾಯಿ."

ಕಾದಳು. ಬರಲಿಲ್ಲ. ಇನ್ನೆರಡು ಬೆಳಗ್ಗೆ ಹೋಗಿ ಕಾದಳು, ಆಗಲೂ ಬರಲಿಲ್ಲ. ಆ ಊರಿನಲ್ಲಿ ಗಾಳಿ ಯಾವ ಕಡೆ ಬೀಸುತ್ತದೆ ಅನ್ನುವುದು ಅವರಿಬ್ಬರಿಗೆ ತಿಳಿದಷ್ಟು ಇನ್ಯಾರಿಗೂ ತಿಳಿದಿರಲಿಕ್ಕಿಲ್ಲ. ಅದರಿಂದ ಇಬ್ಬರಿಗೂ ಸಂತೋಷವಾಗಲಿಲ್ಲ. ಕೆಲಸವೊಂದು ಮುಗಿಯಿತು, ಅಷ್ಟೇ.

ಆದರೆ ಓನರಮ್ಮ ಬಿಡಲೊಪ್ಪಲಿಲ್ಲ. ವರ್ಷ ತುಂಬಿಲ್ಲ, ಹೋಗಬೇಕಾದರೆ ನಿಮ್ಮ ಜಾಗಕ್ಕೆ ಒಬ್ಬರನ್ನು ಕರೆದುಕೊಂಡು ಬಂದು ಕೂರಿಸಿ ಹೋಗಿ ಅಂದಳು. ಅಲ್ಲಿಯವರೆಗೆ ಚಿಕ್ಕವಳು ಅದೇ ಕಿಟಕಿಯ ಕೆಳಗೆ ಮಲಗಬೇಕು. ಬ್ರೋಕರ್ ಒಬ್ಬ ಪೇಂಟರನ್ನು ಕಳಿಸಿದ. ಜೊತೆಗೆ ಅವನ ಹೆಂಡತಿ, ಅವಳ ಸೊಂಟದ ಮೇಲೊಂದು ಕೂಸು.

ಅವರು ಮೆಟ್ಟಿಲು ಹತ್ತುವ ಮುಂಚೆ ಹೆಂಡತಿ ಬಾಯ್ಲರಣ್ಣನ ತೋಳು ಹಿಡಿದಳು. "ಏನೂ ಹೇಳ್ಬೇಡಿ. ಇವರು ಹೋದ್ರೆ ಇನ್ನೊಬ್ಬರು ಯಾವಾಗ ಬರ್ತಾರೋ."

ಪೇಂಟರ್ ಗೋಡೆ ತಟ್ಟಿ ನೋಡಿದ, ತಾರಸಿ ನೋಡಿದ. "ಇಷ್ಟು ಚೆನ್ನಾಗಿದೆ, ಯಾಕಣ್ಣಾ ಬಿಡ್ತಿದ್ದೀರಿ?"

ಬಾಯ್ಲರಣ್ಣನ ಹೆಂಡತಿ ನೆಲ ನೋಡಿದಳು. ಅವನು ಒಮ್ಮೆ ಒಳಕೋಣೆಯ ಕಡೆ ನೋಡಿದ. ಅಲ್ಲಿ ಚಿಕ್ಕವಳು ಕೆಮ್ಮುತ್ತಿದ್ದಳು.

"ಬೆಳಗ್ಗೆ ಮಸಿ ಬೀಳುತ್ತೆ. ಗಿರಣಿಯದು. ನನ್ನ ಮಗಳಿಗೆ ಉಬ್ಬಸ, ಅದಕ್ಕೆ ಬಿಡ್ತಿದ್ದೀನಿ. ನಿಮಗೂ ಕೂಸಿದೆ, ಯೋಚನೆ ಮಾಡಿ."

ಪೇಂಟರ್ ತನ್ನ ಹೆಂಡತಿಯ ಮುಖ ನೋಡಿದ. "ಇಡೀ ದಿನ ಬೀಳುತ್ತಾ?"

"ಇಲ್ಲ. ಬೆಳಕು ಹರಿಯೋ ಹೊತ್ತಿಗೆ."

"ನಾವೀಗಿರೋದು ಜಲ್ಲಿ ಕ್ರಷರ್ ಪಕ್ಕ ಅಣ್ಣಾ. ಊಟದ ತಟ್ಟೆಗೂ ಬೀಳುತ್ತೆ. ಇದಕ್ಕೆ ಒಂದು ಟೈಮಾದ್ರೂ ಇದೆಯಲ್ಲ."

ಪೇಂಟರನ ಹೆಂಡತಿ ಮೊದಲ ಸಲ ಬಾಯಿ ತೆರೆದಳು. "ಯಾವತ್ತಾದ್ರೂ ಬೀಳದೇ ಇರುತ್ತಾ?"

"ಬುಧವಾರ."

"ಹಂಗಾದ್ರೆ ಬುಧವಾರ ಬಟ್ಟೆ ಒಗೀತೀನಿ" ಅಂದಳು. ಮನೆ ಆಯಿತು.

ಸಾಮಾನು ಹೇರಿಕೊಂಡು ಮಾರ್ಕೆಟ್ ಕಡೆ ಹೊರಟ ಟೆಂಪೊದಲ್ಲಿ ಬಾಯ್ಲರಣ್ಣನೂ ಹೆಂಡತಿಯೂ ಡ್ರೈವರ್ ಪಕ್ಕ ಕೂತಿದ್ದರು, ಮಕ್ಕಳು ತೊಡೆಯ ಮೇಲೆ. "ಹೇಳ್ಬೇಡಿ ಅಂದಿದ್ದೆ" ಅಂದಳು ಅವಳು.

"ಹೇಳಿದೆ."

"ಹೇಳಿದ್ರೂ ಬಂದ್ರು."

ಮರುದಿನ ಬೆಳಗ್ಗೆ ಅವನು ಹೋಗಿ ಊದಿದ. ಗುಡ್ಡದಾಚೆ ಯಾವ ಕಿಟಕಿಯ ಕೆಳಗೆ ಯಾರ ಕೂಸು ಮಲಗಿದೆ ಅಂತ ಈಗ ಗೊತ್ತಿತ್ತು. ಗೊತ್ತಿದ್ದೂ ಊದಿದ. ಊದದಿದ್ದರೆ ಹಬೆ ಇಳಿಯುತ್ತದೆ, ಹಬೆ ಇಳಿದರೆ ಅವನ ಜಾಗದಲ್ಲಿ ನಿಂತು ಊದುವವನು ಬೇರೊಬ್ಬ ಬರುತ್ತಾನೆ.

ಚಳಿ ಕಳೆಯುವ ಹೊತ್ತಿಗೆ ಚಿಕ್ಕವಳ ಎದೆಯ ಸದ್ದು ಇಳಿದಿತ್ತು. ಮಾರ್ಕೆಟ್ ಬಳಿಯ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಎರಡು ಔಷಧಿಗಳಲ್ಲಿ ಒಂದನ್ನು ನಿಲ್ಲಿಸಿದರು.

"ವಾಸಿ ಇದೆ. ಏನು ಮಾಡಿದ್ರಿ?"

"ಮನೆ ಬದಲಾಯಿಸಿದ್ವಿ ಸಾರ್. ಮೊದಲು ಗುಡ್ಡದಾಚೆ ಇದ್ವಿ."

"ಹೌದಾ? ಅಲ್ಲಿ ಗಾಳಿ ಚೆನ್ನಾಗಿರುತ್ತೆ ಅಂತಾರೆ. ನಮ್ಮ ಕಾಂಪೌಂಡರ್ ಅಲ್ಲೇ ಮನೆ ಹುಡುಕ್ತಿದ್ದಾನೆ, ಅವನಿಗೂ ಸಣ್ಣ ಮಕ್ಕಳು. ನಿಮ್ಮ ಹಳೇ ಮನೆ ಖಾಲಿ ಇದೆಯಾ?"

"ಇಲ್ಲ ಸಾರ್" ಅಂದ ಅವನು, ಮಗಳ ಅಂಗಿಯ ಗುಂಡಿ ಹಾಕುತ್ತಾ. "ಜನ ಬಂದ್ರು."