ಬಸ್ಸಿನಲ್ಲಿ ಒಂದು ಹಿಡಿ ನೆರಳು

ಬೇಲೂರಿನಲ್ಲಿ ಬಸ್ಸು ಹತ್ತಿದೆ. ಮಡಿಲಲ್ಲಿ ಕುಂಡ, ಅದರಲ್ಲಿ ಪುಟ್ಟ ಪಾಮ್ ಗಿಡ. ಅರೇಹಳ್ಳಿಯ ನನ್ನ ಮೊಮ್ಮಗಳು ತಾನೇ ಬೀಜ ಹಾಕಿ ಬೆಳೆಸಿ, ಅಜ್ಜಿಗೆಂದೇ ಕೊಟ್ಟದ್ದು. ಹಿಗ್ಗು ತಡೆಯಲಾಗುತ್ತಿರಲಿಲ್ಲ. ದೊಡ್ಡ ಕಾಡುಮರಗಳ ಬುಡದಲ್ಲಿ ಬಾಳುವ ಜಾತಿಯಂತೆ. ನೇರ ಬಿಸಿಲು ಬಿದ್ದರೆ ಗರಿ ಸುಟ್ಟುಹೋಗುತ್ತದಂತೆ. ಜಾವಗಲ್ಲಿನ ಮನೆ ಸೇರುವವರೆಗೆ ಅದು ಬಾಡಬಾರದು ಅಂತ ಸೆರಗು ಹೊದಿಸಿದ್ದೆ.

ಪಕ್ಕದಲ್ಲಿ ಕೂತಿದ್ದವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. "ತೆಂಗಿನ ನೆಂಟನಿಗೆ ಸೆರಗು ಹೊದಿಸ್ತೀಯಲ್ಲಜ್ಜಿ, ಬಿಸಿಲಿಗೆ ಬಿಡು, ಎತ್ತರಕ್ಕೆ ಏಳ್ತೈತೆ" ಎಂದು ನಕ್ಕರು.

"ಇದು ಏಳೋದೇ ಇಷ್ಟು ಕಣಪ್ಪಾ. ಆಗ್ಲೇ ಹೂ ಬಿಟ್ಟೈತೆ ನೋಡು" ಎಂದು ಸೆರಗು ಸರಿಸಿದೆ.

ಮೊಣಕಾಲೆತ್ತರದ ಗಿಡ, ಅದಕ್ಕೆ ಸಾಸಿವೆ ಕಾಳಿನಂಥ ಹಳದಿ ಹೂ. ಅವರು ಬಗ್ಗಿ ನೋಡಿದರು. "ಹೊಂಬಾಳೆನೇ ಕಣಜ್ಜಿ" ಎಂದರು, ಮಲಗಿದ ಮಗುವಿನ ಮುಂದೆ ಮಾತಾಡುವಷ್ಟು ಮೆಲ್ಲಗೆ.

ಹಳೇಬೀಡು ದಾಟಿದ ಮೇಲೆ ಬಿಸಿಲು ನಮ್ಮ ಕಿಟಕಿಗೆ ತಿರುಗಿತು. ಅವರು ಹೆಗಲ ಟವೆಲ್ ತೆಗೆದು ಕಿಟಕಿಯ ಸರಳಿಗೆ ಅಡ್ಡ ಹಿಡಿದರು. ನನಗೆ ಜೋಂಪು ಹತ್ತಿತು. ಬಸ್ಸಿಗೆ ಬಸ್ಸೇ ದೊಡ್ಡ ಮರಗಳ ಕೆಳಗೆ ತೇಲಿ ಹೋಗುತ್ತಿದ್ದಂತೆ ಕಂಡಿತು.

ಕಣ್ಣು ಬಿಟ್ಟರೆ ಜಾವಗಲ್ಲಿನ ತೆಂಗಿನ ತೋಟಗಳು. ವ್ಯಾಪಾರಿ ಗೊರಕೆ ಹೊಡೆಯುತ್ತಿದ್ದರು. ಟವೆಲ್ ಹಿಡಿದ ಕೈ ಮಾತ್ರ ಸರಳು ಬಿಟ್ಟಿರಲಿಲ್ಲ.