ಕೆಮ್ಮಿ ತೋರಿಸು ಎನ್ನುತ್ತಿದ್ದ ಮನುಷ್ಯ

ನನ್ನ ಹೊಲಿಗೆ ಅಂಗಡಿಗೂ ಅವರ ಔಷಧಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅಲ್ಲಿ ಆಡಿದ ಮಾತು ಇಲ್ಲಿ ಕೇಳುತ್ತದೆ. ಕೇಳಬಾರದು ಎಂದು ಕಿವಿಗೆ ಹತ್ತಿ ಇಟ್ಟುಕೊಳ್ಳುವವಳೂ ನಾನಲ್ಲ. ಹದಿನೆಂಟು ವರ್ಷದಿಂದ ಅವರನ್ನು ಅಣ್ಣ ಅಂತಲೇ ಕರೆಯುತ್ತೇನೆ. ಕಾಲೇಜಿನ ಹುಡುಗರು ಮಾತ್ರ ಅವರಿಗೆ ಕೆಮ್ಮಪ್ಪ ಎಂದು ಹೆಸರಿಟ್ಟಿದ್ದರು.

ಕಾರಣವಿತ್ತು. ಮೀಸೆ ಚಿಗುರದ ಹುಡುಗರು ಯಾರೇ ಬಂದು ಕೆಮ್ಮಿನ ಸಿರಪ್ ಕೇಳಿದರೂ ಅಣ್ಣ ಕನ್ನಡಕ ಮೇಲೆತ್ತಿ, "ಎಲ್ಲಿ, ಕೆಮ್ಮಿ ತೋರಿಸು," ಅನ್ನುತ್ತಿದ್ದರು. ಹುಡುಗ ಗಂಟಲು ಕೆರೆದು ಏನೋ ಮಾಡಿದರೆ, "ಇದು ಕೆಮ್ಮಲ್ಲಪ್ಪ, ನಾಟಕ. ಅಮ್ಮನ್ನ ಕರ್ಕೊಂಡು ಬಾ, ಆಮೇಲೆ ನೋಡೋಣ." ನಾನು ಈಚೆ ಕತ್ತರಿ ಕೆಳಗಿಟ್ಟು ನಗುತ್ತಿದ್ದೆ. ಅಮಲಿಗೆಂದು ಅದನ್ನು ಗಟಗಟ ಕುಡಿಯುವ ಮಕ್ಕಳಿದ್ದಾರೆ ಎಂದು ನನಗೆ ತಿಳಿಸಿದ್ದೇ ಅವರು. ಸಿರಪ್ಪನ್ನು ಮೇಲಿನ ಕಪಾಟಿನಲ್ಲಿ ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಆದರೆ ಅವಧಿ ಮುಗಿದ ಬಾಟಲಿಗಳನ್ನು, ಕಂಪನಿಗೆ ವಾಪಸು ಕಳಿಸುವವರೆಗೆ, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಮನೆಯ ಮೆಟ್ಟಿಲ ಕೆಳಗೆ ಇಡುತ್ತಿದ್ದರು. ಅಂಗಡಿಯಲ್ಲಿ ಜಾಗವಿರಲಿಲ್ಲ. ಮಾರಲಾಗದ ಮಾಲು ಅವರ ಪಾಲಿಗೆ ಆಗಲೇ ಕಸ. ಕಸಕ್ಕೆ ಯಾರು ಬೀಗ ಹಾಕುತ್ತಾರೆ?

ಅವರಿಗೆ ಒಬ್ಬಳೇ ಮಗಳು, ಹದಿನಾರು ವಯಸ್ಸು. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಎಷ್ಟು ಅಲ್ಲಾಡಿಸಿದರೂ ಅವಳು ಏಳಲಿಲ್ಲ. ಹಾಸಿಗೆಯ ಕೆಳಗೆ ಆ ಪೆಟ್ಟಿಗೆಯ ಖಾಲಿ ಬಾಟಲಿಗಳು ಸಿಕ್ಕವು. ದೀಪದ ಬುಡದಲ್ಲೇ ಕತ್ತಲೆ ಎಂದು ನಾನು ಎಷ್ಟೋ ಸಲ ಬಾಯಿಮಾತಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಮಗಳಿಗೆ ಜ್ವರ ತಲೆಗೇರಿತ್ತು ಎಂದು ಅತ್ತಿಗೆ ಎಲ್ಲರಿಗೂ ಹೇಳಿದರು. ನಿಜ ಗೊತ್ತಿದ್ದ ನಾವು ಅಕ್ಕಪಕ್ಕದ ನಾಲ್ಕು ಜನವೂ ತಲೆಯಾಡಿಸಿದೆವು. ಆದರೆ ತಿಂಗಳು ಕಳೆದು ಅಂಗಡಿ ತೆರೆದ ಅಣ್ಣ, ಸಿರಪ್ ಕೇಳಿ ಬಂದ ಮೊದಲ ಹೆಂಗಸಿಗೇ ಹೇಳಿಬಿಟ್ಟರು: "ಅಮ್ಮಾ, ಮನೇಲಿ ಬೆಳೆದ ಮಕ್ಕಳಿದ್ರೆ ಇದನ್ನ ಬೀಗದೊಳಗೆ ಇಡಿ. ಉಳಿದಿದ್ದು, ಹಳೇದು ಏನಿದ್ರೂ ನನಗೆ ತಂದುಕೊಡಿ. ನನ್ನ ಮಗಳು ಹೋಗಿದ್ದು ಇದರಿಂದಲೇ." ಆಮೇಲೆ ಬಂದವರಿಗೆಲ್ಲ ಅದೇ ಮಾತು.

ನನಗೆ ಮೈ ಉರಿಯಿತು. ಸತ್ತ ಮಗುವಿನ ಮಾನವನ್ನು ಹೀಗೆ ಪೊಟ್ಟಣ ಕಟ್ಟಿ ಹಂಚುವುದೇ? ಸುದ್ದಿ ಅತ್ತಿಗೆಯ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಅವರು ಊಟದ ಡಬ್ಬಿ ಹಿಡಿದು ಬಂದಾಗ ಅಣ್ಣ ಯಾರಿಗೋ ಅದನ್ನೇ ಹೇಳುತ್ತಿದ್ದರು. ಗಿರಾಕಿ ಹೋಗುವವರೆಗೆ ಅತ್ತಿಗೆ ಕಾದರು.

"ಅವಳು ನನ್ನ ಮಗಳೂ ಹೌದು," ಅಂದರು. "ಹೋದ ಮೇಲಾದ್ರೂ ಅವಳನ್ನ ನೆಮ್ಮದಿಯಾಗಿ ಇರೋಕೆ ಬಿಡಬಾರದಾ?"

"ಹೇಳದೆ ಇದ್ರೆ ಇನ್ನೊಬ್ಬರ ಮನೇಲೂ ಹೀಗೇ ಆಗುತ್ತೆ ಕಣೆ."

"ಆಗ್ಲಿ ಬಿಡಿ! ನಮಗೆ ಯಾರು ಬಂದು ಹೇಳಿದ್ರು?" ಅತ್ತಿಗೆಯ ದನಿ ಒಡೆಯಿತು. "ಅಷ್ಟು ದಿನ ಕುಡಿದಿದ್ದಾಳೆ. ಒಬ್ಬರ ಕಣ್ಣಿಗಾದ್ರೂ ಬಿದ್ದಿರಲ್ವಾ? ನಿಮ್ಮ ಮಗಳನ್ನ ಸ್ವಲ್ಪ ನೋಡ್ಕೊಳ್ಳಿ ಅಂತ ಒಬ್ಬರಾದ್ರೂ ಅಂದ್ರಾ?"

ಅದಕ್ಕೆ ಉತ್ತರ ಇದ್ದದ್ದು ಹಲಗೆಯ ಈಚೆ, ನನ್ನ ಬಳಿ.

ಆ ಭಾನುವಾರಕ್ಕೆ ಎರಡು ವಾರ ಮೊದಲು ಹುಡುಗಿ ಅಳತೆ ಕೊಡಲು ನನ್ನ ಅಂಗಡಿಗೆ ಬಂದಿದ್ದಳು. ನಿಂತಲ್ಲೇ ತೂಗಾಡುತ್ತಿದ್ದಳು, ಕಾರಣವಿಲ್ಲದೆ ನಗುತ್ತಿದ್ದಳು. ಟೇಪು ಹಿಡಿದು ಹತ್ತಿರ ಹೋದರೆ ಉಸಿರಿನಲ್ಲಿ ಸಿರಪ್ಪಿನ ಸಿಹಿ ವಾಸನೆ. "ಅತ್ತೆ, ಅಪ್ಪಂಗೆ ಹೇಳ್ಬೇಡಿ," ಅಂದಳು. ಹೇಳಿದರೆ ಅವರ ಮನೆಯಲ್ಲಿ ರಂಪವಾದೀತು, ಊರ ಉಸಾಬರಿ ನನಗ್ಯಾಕೆ ಎಂದುಕೊಂಡೆ. ಅಳತೆ ಬರೆದುಕೊಂಡು ಕಳಿಸಿದೆ.

ಎದ್ದು ಹೋಗಿ ಅವರಿಬ್ಬರ ಮುಂದೆ ಇಷ್ಟನ್ನೂ ಹೇಳಿದೆ. ಅತ್ತಿಗೆ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ; ಹೊಡೆದಿದ್ದರೆ ಚೆನ್ನಾಗಿತ್ತು. ಗಂಡನ ಕಡೆ ತಿರುಗಿ, "ನೀವು ಹೇಳಿ. ಬಂದವರಿಗೆಲ್ಲ ಹೇಳಿ," ಅಂದರು.

ನನ್ನ ಜೊತೆ ಅವರು ಇವತ್ತಿಗೂ ಮಾತಾಡಿಲ್ಲ. ಮಾತಾಡಿ ಎಂದು ಕೇಳಲು ನನಗೂ ಮುಖವಿಲ್ಲ.